ಮಹಾಬಳೇಶ್ವರ: ಒಂದು ಹಳ್ಳಿ ಕೊಟ್ಟು ಕೊಂಡ ಬೆಟ್ಟ

ಪುಣೆಯಲ್ಲಿ ನೆಲೆಸಿದ ನಮ್ಮಂಥವರ ಮನೆಗೆ ಊರಿನಿಂದ ನೆಂಟರು ಬಂದರೆ ಮಹಾಬಳೇಶ್ವರ ತೋರಿಸದೆ ಕಳಿಸುವ ಹಾಗಿಲ್ಲ. ಪುಣೆಯಿಂದ ಸುಮಾರು 120 ಕಿಲೋಮೀಟರ್. ಬೆಳಿಗ್ಗೆ ಹೊರಟರೆ ವಾಯಿಯಲ್ಲಿ ತಿಂಡಿ, ಪಸರಣಿ ಘಾಟ್ ಹತ್ತಿ ಪಂಚಗಣಿಯಲ್ಲಿ ಚಹಾ, ಮಧ್ಯಾಹ್ನದೊಳಗೆ ಮೇಲೆ. ಎರಡು ದಿನ ಪಾಯಿಂಟುಗಳನ್ನು ಸುತ್ತಿ, ಸ್ಟ್ರಾಬೆರಿ ಕ್ರೀಮ್ ತಿಂದು, ಹುರಿಗಡಲೆ ಕಟ್ಟಿಸಿಕೊಂಡು, ವೆಣ್ಣಾ ಕೆರೆಯಲ್ಲಿ ದೋಣಿ ಹತ್ತಿ ಇಳಿದುಬಿಡುತ್ತೇವೆ. ಮೂವತ್ತು ವರ್ಷದಲ್ಲಿ ನಾನು ಎಷ್ಟು ಸಲ ಹೀಗೆ ಹೋಗಿ ಬಂದಿದ್ದೇನೋ ಲೆಕ್ಕವಿಟ್ಟಿಲ್ಲ.

ಆದರೆ ಬ್ಯಾಂಕಿನವನಿಗೆ ಒಂದು ಚಟ ಇರುತ್ತದೆ. ಯಾವ ವ್ಯವಹಾರ ಕಂಡರೂ ಖಾತೆಯ ಎರಡೂ ಬದಿ ನೋಡಬೇಕು. ಒಬ್ಬನಿಗೆ ಜಮಾ ಆಗಿದ್ದರೆ ಇನ್ನೊಬ್ಬನಿಗೆ ಖರ್ಚು ಬಿದ್ದಿರಲೇಬೇಕು. ನಾವು ನೋಡುವ ಮಹಾಬಳೇಶ್ವರ ಶುರುವಾದದ್ದೇ 1829ರ ಒಂದು ಅದಲುಬದಲಿನಿಂದ. ಇಂದು ಅಲ್ಲಿ ನೋಡುವುದು, ತಿನ್ನುವುದು ಬಹಳಷ್ಟು ಆ ವ್ಯವಹಾರದ ಬಡ್ಡಿಯೇ.

ಮೊದಲು ಒಂದು ಮಾತು. ಮಹಾಬಳೇಶ್ವರ ಎಂದರೆ ನಮ್ಮ ಜನಕ್ಕೆ ಗೋಕರ್ಣ ನೆನಪಾಗುತ್ತದೆ. ಅದು ಕಡಲ ತೀರದ ಆತ್ಮಲಿಂಗ. ಇದು ಸಹ್ಯಾದ್ರಿಯ ಮೇಲೆ ಸುಮಾರು 1,400 ಮೀಟರ್ ಎತ್ತರದಲ್ಲಿರುವ ಶಿವ. ಇಲ್ಲಿಯೂ ಎರಡು ಊರುಗಳಿವೆ. ಹೋಟೆಲು, ಮಾರ್ಕೆಟ್ಟು ಇರುವುದು ಪೇಟೆ. ಅಲ್ಲಿಂದ ಐದಾರು ಕಿಲೋಮೀಟರ್ ದೂರದಲ್ಲಿ ಕ್ಷೇತ್ರ ಮಹಾಬಳೇಶ್ವರ. ಹಳೆಯದು ಕ್ಷೇತ್ರವೇ. ಪೇಟೆಗೆ ಇನ್ನೂರು ವರ್ಷ ಕೂಡ ಪೂರ್ತಿಯಾಗಿಲ್ಲ.

ಕ್ಷೇತ್ರದಲ್ಲಿ ಪಂಚಗಂಗಾ ಗುಡಿ ಇದೆ. ಕೃಷ್ಣಾ, ವೆಣ್ಣಾ, ಕೊಯ್ನಾ, ಸಾವಿತ್ರಿ, ಗಾಯತ್ರಿ ಐದೂ ಇಲ್ಲಿಯೇ ಹುಟ್ಟುತ್ತವೆ ಎಂಬುದು ನಂಬಿಕೆ. ಕಲ್ಲಿನ ಗೋಮುಖದಿಂದ ನೀರು ಕುಂಡಕ್ಕೆ ಬೀಳುತ್ತದೆ. ಸಾವಿತ್ರಿ ಪಡುವಣಕ್ಕಿಳಿದು ಅರಬ್ಬೀ ಸಮುದ್ರ ಸೇರುತ್ತಾಳೆ. ಕೃಷ್ಣೆ ಮೂಡಲಿಗೆ ಹೊರಟು, ಸಾತಾರಾದ ಬಳಿ ಮಾಹುಲಿಯಲ್ಲಿ ವೆಣ್ಣೆಯನ್ನೂ ಕರಾಡಿನಲ್ಲಿ ಕೊಯ್ನೆಯನ್ನೂ ಸೇರಿಸಿಕೊಂಡು, ಸಾಂಗ್ಲಿ ದಾಟಿ ನಮ್ಮ ಬೆಳಗಾವಿ ಜಿಲ್ಲೆಗೆ ಕಾಲಿಡುತ್ತಾಳೆ. ಸುಮಾರು 1,400 ಕಿಲೋಮೀಟರ್ ಹರಿದು ಬಂಗಾಳ ಕೊಲ್ಲಿ ಸೇರುವ ನದಿ ಇಲ್ಲಿ ಒಂದು ಬೊಗಸೆಯಷ್ಟು. ಬಾಗಲಕೋಟೆ ಕಡೆಯ ನನ್ನಂಥವನಿಗೆ ಆ ಬೊಗಸೆ ನೀರು ಕಂಡಾಗ ಮಾತು ಬರುವುದಿಲ್ಲ.

ಗುಡಿ, ಕುಂಡಗಳನ್ನು ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಯಾದವ ರಾಜ ಸಿಂಘಣ ಕಟ್ಟಿಸಿದನೆಂದು ಹೇಳುತ್ತಾರೆ. ಶಿವರಾತ್ರಿಗೆ ಇಲ್ಲಿ ದೊಡ್ಡ ಜಾತ್ರೆ. ಹನ್ನೆರಡು ವರ್ಷಕ್ಕೊಮ್ಮೆ ಗುರು ಕನ್ಯಾರಾಶಿಗೆ ಬಂದಾಗ ಭಾಗೀರಥಿಯೇ ಬಂದು ಕೃಷ್ಣೆಯನ್ನು ಕೂಡುತ್ತಾಳೆಂಬ ನಂಬಿಕೆಯಿಂದ 'ಕನ್ಯಾಗತ' ಆಚರಿಸುತ್ತಾರೆ. ಹಿಂದಿನದು 2016ರಲ್ಲಿ ಆಯಿತು. ಕೆಳಗೆ ತೆಲುಗು ನಾಡಿನವರು ಕೃಷ್ಣಾ ಪುಷ್ಕರ ಮಾಡುವುದೂ ಅದೇ ಹೊತ್ತಿಗೆ. ನದಿ ಒಂದೇ, ಪಂಚಾಂಗವೂ ಒಂದೇ, ಹೆಸರು ಮಾತ್ರ ಬೇರೆ. 1665ರ ಜನವರಿಯಲ್ಲಿ ಗ್ರಹಣದ ಹೊತ್ತಿಗೆ ಶಿವಾಜಿ ತಾಯಿ ಜೀಜಾಬಾಯಿಯನ್ನು ಈ ಕ್ಷೇತ್ರದಲ್ಲೇ ಬಂಗಾರದಲ್ಲಿ ತುಲಾಭಾರ ಮಾಡಿಸಿದ.

ಶಿವಾಜಿಗೆ ಈ ಬೆಟ್ಟ ಪುಣ್ಯಕ್ಷೇತ್ರ ಮಾತ್ರ ಆಗಿರಲಿಲ್ಲ. ಸುತ್ತಲಿನ ಜಾವಳಿ ಕಾಡು ಚಂದ್ರರಾವ್ ಮೋರೆಯ ಮನೆತನದ ಕೈಯಲ್ಲಿತ್ತು; ಆ ಮನೆತನ ಬಿಜಾಪುರದ ಆದಿಲ್‌ಶಾಹಿಗೆ ನಡೆದುಕೊಳ್ಳುತ್ತಿತ್ತು. 1656ರಲ್ಲಿ ಶಿವಾಜಿ ಜಾವಳಿಯನ್ನು ಗೆದ್ದು ಪ್ರತಾಪಗಡ ಕಟ್ಟಿಸತೊಡಗಿದ. ಬಿಜಾಪುರದ ಸರದಾರ ಅಫ್ಜಲ್ ಖಾನ್ ಅವನ ಮೇಲೆ ದಂಡೆತ್ತಿ ವಾಯಿಗೆ ಬಂದ. 1659ರ ನವೆಂಬರ್ 10ರಂದು ಪ್ರತಾಪಗಡದ ಬುಡದಲ್ಲಿ ಅವನು ಹತನಾದ. ನಮ್ಮ ವಿಜಾಪುರದಲ್ಲಿ ಅವನ ಅರವತ್ತು ಹೆಂಡಂದಿರ ಗೋರಿಗಳೆಂದು ತೋರಿಸುವ ಜಾಗ ಗೊತ್ತಲ್ಲ? ಆ ಕಥೆಯ ಇನ್ನೊಂದು ತುದಿ ಇಲ್ಲಿದೆ.

ಆ ದಂಡು ಬಂದಾಗ ವಾಯಿಯ ಶೆಂಡೆ ಶಾಸ್ತ್ರಿಗಳು ಶಿವಾಜಿ ಗೆದ್ದರೆ ನಿನಗೆ ಉತ್ಸವ ಮಾಡುತ್ತೇವೆಂದು ಕೃಷ್ಣಾಬಾಯಿಗೆ ಹರಕೆ ಹೊತ್ತರಂತೆ. ಇಂದಿಗೂ ಚಳಿಗಾಲ ಮುಗಿಯುವ ದಿನಗಳಲ್ಲಿ ವಾಯಿಯ ಒಂದೊಂದು ಘಾಟಿನಲ್ಲಿ ಸರದಿಯ ಮೇಲೆ ಕೃಷ್ಣಾಬಾಯಿ ಉತ್ಸವ ನಡೆಯುತ್ತದೆ. ಭಜನೆ, ಕೀರ್ತನೆ, ಸಾಲು ಪಂಕ್ತಿಯ ಊಟ. ನದಿಯನ್ನು ಮನೆಮಗಳ ಹಾಗೆ 'ಬಾಯಿ' ಎಂದು ಕರೆದು ಉಡಿ ತುಂಬುವ ಈ ಜನರನ್ನು ನೋಡಿದರೆ ನಮ್ಮ ಕಡೆ ಹೊಳೆಗೆ ಬಾಗಿನ ಬಿಡುವುದು ನೆನಪಾಗುತ್ತದೆ. ಪಕ್ಕದ ಬಾವಧನ ಊರಿನಲ್ಲಿ ರಂಗಪಂಚಮಿಯ ದಿನ 'ಬಗಾಡ್' ಎಳೆಯುತ್ತಾರೆ. ಭಾರೀ ಮರದ ಗಾಡಿ, ಅದಕ್ಕೆ ಎತ್ತುಗಳ ಜೋಡಿ ಜೋಡಿ, ಮೇಲೆ ಕಂಬಕ್ಕೆ ಹರಕೆ ಹೊತ್ತವನು. ನಮ್ಮ ಸಿಡಿ ಜಾತ್ರೆಯ ಅಣ್ಣ ಅಂದುಕೊಳ್ಳಿ.

ಇನ್ನು ಅದಲುಬದಲಿಗೆ ಬರೋಣ. ಪೇಶ್ವೆಗಳು ಬಿದ್ದ ಮೇಲೆ, 1818ರ ನಂತರ, ಇಂಗ್ಲಿಷರು ಸಾತಾರಾದಲ್ಲಿ ಶಿವಾಜಿಯ ವಂಶದ ಪ್ರತಾಪಸಿಂಹನನ್ನು ಗಾದಿಯ ಮೇಲೆ ಕೂರಿಸಿದ್ದರು. ಬೆಟ್ಟ ಅವನ ರಾಜ್ಯದಲ್ಲಿತ್ತು. 1824ರಲ್ಲಿ ಲಾಡ್ವಿಕ್ ಎಂಬ ಸೇನಾಧಿಕಾರಿ ಮೇಲೆ ಹತ್ತಿ, ಇಲ್ಲಿಯ ತಂಪು ಗಾಳಿಯ ಸುದ್ದಿಯನ್ನು ತನ್ನವರಿಗೆ ಮುಟ್ಟಿಸಿದ. ಸಾತಾರಾದ ರೆಸಿಡೆಂಟ್ ಬ್ರಿಗ್ಸ್ 1826ರಲ್ಲಿ ಇಲ್ಲಿ ಮನೆ ಕಟ್ಟಿಕೊಂಡ. ಸಾತಾರಾದಿಂದ ಬೆಟ್ಟದವರೆಗೆ ಗಾಡಿ ರಸ್ತೆ ಮಾಡಿಸಲು ರಾಜನನ್ನು ಒಪ್ಪಿಸಿದ. ರಸ್ತೆಯ ಖರ್ಚು ರಾಜನದು. ಮುಂಬೈ ಗವರ್ನರ್ ಸರ್ ಜಾನ್ ಮಾಲ್ಕಮ್ 1828ರಲ್ಲಿ ಬೇನೆ ಬಿದ್ದ ಸೈನಿಕರಿಗೆ ಇಲ್ಲಿ ಆಸ್ಪತ್ರೆ ತೆರೆದ. ಮರುವರ್ಷ, 1829ರಲ್ಲಿ, ಒಪ್ಪಂದವಾಯಿತು: ಬೆಟ್ಟ ಕಂಪನಿಗೆ, ಅದಕ್ಕೆ ಬದಲಾಗಿ ವಾಯಿ ಕಡೆಯ ಖಂಡಾಳಾ ಹಳ್ಳಿ ರಾಜನಿಗೆ. (ಇದು ಲೋಣಾವಳದ ಪಕ್ಕದ ಖಂಡಾಳಾ ಅಲ್ಲ, ಸಾತಾರಾ ಹೆದ್ದಾರಿಯಲ್ಲಿ ಸಿಗುವ ಖಂಡಾಳಾ.) ಹೊಸ ಪೇಟೆಗೆ ಗವರ್ನರನ ಹೆಸರೇ ಬಿತ್ತು: ಮಾಲ್ಕಮ್ ಪೇಟ್.

ಕಾಗದದ ಮೇಲೆ ಎರಡೂ ಬದಿ ಸರಿಹೋಯಿತು. ಆದರೆ ಮುಂದೇನಾಯಿತು ನೋಡಿ. ಹತ್ತೇ ವರ್ಷದಲ್ಲಿ, 1839ರಲ್ಲಿ, ಕಂಪನಿ ಪ್ರತಾಪಸಿಂಹನ ಮೇಲೆ ಪಿತೂರಿಯ ಆರೋಪ ಹೊರಿಸಿ ಗಾದಿಯಿಂದ ಇಳಿಸಿ ಕಾಶಿಗೆ ಕಳಿಸಿತು. ಅವನು 1847ರಲ್ಲಿ ಅಲ್ಲೇ ತೀರಿಕೊಂಡ. ನಂತರ ಗಾದಿಗೇರಿದ್ದ ತಮ್ಮ ಅಪ್ಪಾಸಾಹೇಬ 1848ರಲ್ಲಿ ಸ್ವಂತ ಮಗನಿಲ್ಲದೆ ತೀರಿಕೊಂಡಾಗ, ದತ್ತು ನಡೆಯುವುದಿಲ್ಲವೆಂದು ರಾಜ್ಯವೇ ಕಂಪನಿಯ ಪಾಲಾಯಿತು. ಬೆಟ್ಟ ಹೋಯಿತು, ಬದಲಿಗೆ ಬಂದ ಹಳ್ಳಿಯೂ ಹೋಯಿತು! ಆ ಅಪ್ಪಾಸಾಹೇಬನೇ 1842ರಲ್ಲಿ ಕಟ್ಟಿಸಿದ ಕೆರೆ ಇಂದು ನಾವು ದೋಣಿ ಹತ್ತುವ ವೆಣ್ಣಾ ಕೆರೆ. ಪಾಯಿಂಟುಗಳ ಹೆಸರು ನೋಡಿದರೆ ಲಾಡ್ವಿಕ್, ವಿಲ್ಸನ್, ಎಲ್ಫಿನ್‌ಸ್ಟನ್, ಆರ್ಥರ್ ಸಾಲಾಗಿ ನಿಂತಿದ್ದಾರೆ. ರಸ್ತೆ ಮಾಡಿಸಿ ಬೆಟ್ಟ ಬಿಟ್ಟುಕೊಟ್ಟವನ ಹೆಸರು ಪ್ರವಾಸಿಗನ ಬಾಯಲ್ಲಿ ಬರುವುದೇ ಇಲ್ಲ.

ಖರ್ಚಿನ ಬದಿಯಲ್ಲಿ ರಾಜನೊಬ್ಬನೇ ಇರಲಿಲ್ಲ. ಬೆಟ್ಟದ ಜನ ರಾಗಿ, ಸಾವೆ ಬೆಳೆದು, ಕಾಡಿನ ಜೇನು ಕಿತ್ತು ಬದುಕುತ್ತಿದ್ದವರು. ಧಾವಡರೆಂಬ ಮುಸಲ್ಮಾನರ ಕುಲ ಇಲ್ಲಿಯ ಕೆಂಪು ಕಲ್ಲಿನಿಂದ ಕಬ್ಬಿಣ ಕಾಯಿಸುತ್ತಿತ್ತು. ಕಾಡು ಸರಕಾರದ ಹಿಡಿತಕ್ಕೆ ಬಂದ ಮೇಲೆ ಇದ್ದಿಲಿಗೆ ಮರ ಸಿಗದೆ ಅವರ ಕುಲುಮೆ ಆರಿತು.

ಊಟದ ಕಥೆಯೂ ಇಂಥದ್ದೇ. 1834ರಲ್ಲಿ ಇಲ್ಲಿ ಒಂದು ಜೈಲು ಕಟ್ಟಿದರು. ಮಲಯಾ ಕಡೆಯ ಬ್ರಿಟಿಷ್ ವಸಾಹತುಗಳಿಂದ ಚೀನೀ ಮತ್ತು ಮಲಯ ಕೈದಿಗಳನ್ನು ತಂದು ಇದರಲ್ಲಿಟ್ಟರು. ರಸ್ತೆ ಕೆಲಸ, ತೋಟದ ಕೆಲಸ ಅವರದೇ. ಆಲೂಗಡ್ಡೆ ಮತ್ತು ಇಂಗ್ಲಿಷ್ ತರಕಾರಿಗಳ ಬೇಸಾಯ ಇಲ್ಲಿ ನೆಲೆಯೂರಿದ್ದು ಅವರ ಕೈಯಿಂದ. ಬೆತ್ತ ಹೆಣೆಯುವ ಕಸಬನ್ನೂ ಇಲ್ಲಿಯವರು ಅವರಿಂದ ಕಲಿತರು. 1864ರಲ್ಲಿ ಜೈಲು ಮುಚ್ಚಿತು. ಇಂದು ರಸ್ತೆ ಬದಿಯಲ್ಲಿ ಸೊಪ್ಪಿನ ಸಮೇತ ಕಟ್ಟು ಕಟ್ಟಿ ಮಾರುವ ಎಳೇ ಗಜ್ಜರಿ, ಕೆಂಪು ಮೂಲಂಗಿ ಕೊಂಡು ಕಚಕಚ ತಿನ್ನುವಾಗ, ಸಮುದ್ರ ದಾಟಿಸಿ ತಂದ, ಹೆಸರೂ ಉಳಿಯದ ಆ ಕೈಗಳನ್ನು ಒಂದು ಗಳಿಗೆ ನೆನೆಯಬೇಕು.

ಸ್ಟ್ರಾಬೆರಿ ಕೂಡ ಇಂಗ್ಲಿಷರ ಕಾಲದ ಬಳುವಳಿ. ಆದರೆ ಅದನ್ನು ತಮ್ಮದಾಗಿಸಿಕೊಂಡವರು ಇಲ್ಲಿಯ ರೈತರು. ಮಳೆ ನಿಂತ ಮೇಲೆ ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಕೆಂಪು ಮಣ್ಣಿನ ಮಡಿಗಳ ಮೇಲೆ ಸಸಿ ನೆಟ್ಟು, ಹಣ್ಣು ನೆಲಕ್ಕೆ ತಾಗದಂತೆ ಪ್ಲಾಸ್ಟಿಕ್ ಹಾಳೆ ಹೊದಿಸುತ್ತಾರೆ. ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಕೊಯ್ಲು. ಕಿತ್ತ ಹಣ್ಣು ಎರಡು-ಮೂರು ದಿನ ತಡೆದರೆ ಹೆಚ್ಚು. ಹಾಗಾಗಿ ಮಾರುಕಟ್ಟೆಗೆ ಹೋಗದ ಹಣ್ಣು ಜ್ಯಾಮ್, ಶರಬತ್ತು ಆಗಲೇಬೇಕು. 1959ರಲ್ಲಿ ಪಂಚಗಣಿಯಲ್ಲಿ ಶುರುವಾದ ಮ್ಯಾಪ್ರೋ ಇದೇ ದಾರಿ ಹಿಡಿದು ಬೆಳೆಯಿತು. 2010ರಲ್ಲಿ ಮಹಾಬಳೇಶ್ವರದ ಸ್ಟ್ರಾಬೆರಿಗೆ ಭೌಗೋಳಿಕ ಗುರುತಿನ ಮುದ್ರೆ ಸಿಕ್ಕಿತು. ದೇಶದ ಸ್ಟ್ರಾಬೆರಿಯಲ್ಲಿ ಸಿಂಹಪಾಲು ಈ ಸಣ್ಣ ಪ್ರದೇಶದ್ದೇ. ಸ್ಟ್ರಾಬೆರಿಯ ಊರಾದ ಭಿಲಾರ್ 2017ರ ಮೇ ತಿಂಗಳಲ್ಲಿ 'ಪುಸ್ತಕಗಳ ಊರು' ಕೂಡ ಆಯಿತು. ಮನೆ ಮನೆಯಲ್ಲಿ ಮರಾಠಿ ಪುಸ್ತಕಗಳನ್ನು ಜೋಡಿಸಿಟ್ಟಿದ್ದಾರೆ. ಕೂತು ಓದಬಹುದು, ಕಾಸು ಕೇಳುವುದಿಲ್ಲ.

ಹುರಿಗಡಲೆಯನ್ನು ಮರೆತರೆ ಊರವರು ಕ್ಷಮಿಸುವುದಿಲ್ಲ. ಮಾರ್ಕೆಟ್ಟಿನಲ್ಲಿ ಉಪ್ಪು-ಖಾರದಿಂದ ಹಿಡಿದು ಹತ್ತಾರು ರುಚಿಯ ಕಡಲೆ ಬಿಸಿಬಿಸಿ ಸಿಗುತ್ತದೆ. ಹಿಂತಿರುಗುವಾಗ ಸಾತಾರಾ ಮೇಲೆ ಬಂದರೆ ಅಲ್ಲಿಯ ಕಂದೀ ಪೇಡೆ ಕೊಳ್ಳಿ. ಧಾರವಾಡದವರು ಮುನಿಸಿಕೊಳ್ಳಬೇಡಿ, ಎರಡೂ ಚೆನ್ನಾಗಿವೆ! ಆದರೆ ನಿಜವಾಗಿ ಈ ಬೆಟ್ಟದ್ದೇ ರುಚಿ ಬೇಕೆಂದರೆ ಜೇನು ತನ್ನಿ. ಕಾಡಿನ ನೇರಳೆ ಮರ, ಏಳೆಂಟು ವರ್ಷಕ್ಕೊಮ್ಮೆ ಬೆಟ್ಟ ತುಂಬ ಅರಳುವ ಕಾರ್ವಿ ಹೂವು ಇದಕ್ಕೆ ಮೂಲ. 2022ರಲ್ಲಿ ಇಲ್ಲಿಯ ಮಾಂಘರ್ ಹಳ್ಳಿಯನ್ನು ದೇಶದ ಮೊದಲ 'ಜೇನಿನ ಊರು' ಎಂದು ಘೋಷಿಸಿದರು. ಕಾಡು ಉಳಿದರೆ ಜೇನು, ಕಾಡು ಹೋದರೆ ಬರೀ ಸಕ್ಕರೆ ಪಾಕ.

ಕಾಡಿನ ಮಾತು ಬಂದದ್ದರಿಂದ ಮಳೆಯ ಲೆಕ್ಕವನ್ನೂ ಹೇಳುತ್ತೇನೆ. ಮಹಾಬಳೇಶ್ವರದಲ್ಲಿ ವರ್ಷಕ್ಕೆ ಸರಾಸರಿ 5,500 ಮಿಲಿಮೀಟರಿಗೂ ಹೆಚ್ಚು ಮಳೆ. ಹತ್ತೊಂಬತ್ತು ಕಿಲೋಮೀಟರ್ ಆಚೆಯ ಪಂಚಗಣಿಯಲ್ಲಿ ಅದರ ಮೂರನೇ ಒಂದರಷ್ಟು. ಇಂಗ್ಲಿಷರು ವರ್ಷವಿಡೀ ಇರಲು ಪಂಚಗಣಿಯನ್ನು ಆರಿಸಿದ್ದೂ, ಅಲ್ಲಿ ಅಷ್ಟೊಂದು ವಸತಿ ಶಾಲೆಗಳು ಬಂದದ್ದೂ ಅದಕ್ಕೇ. ನಮ್ಮ ಬಾಗಲಕೋಟೆಗೆ ಬೀಳುವುದು ವರ್ಷಕ್ಕೆ 600ರ ಆಸುಪಾಸು. ಅಂದರೆ ನಮ್ಮ ಹೊಲಕ್ಕೆ ಹರಿಯುವುದು ನಮ್ಮ ಆಕಾಶದ ನೀರಲ್ಲ, ಈ ಬೆಟ್ಟದ ಸಾಲಿನ ನೀರು. ಇಲ್ಲಿಯ ಮರದ ಬೇರು ಹಿಡಿದಿಟ್ಟ ಮಳೆಯೇ ಬೇಸಿಗೆಯಲ್ಲಿ ಒರತೆಯಾಗಿ ಹೊಳೆಗೆ ಇಳಿಯಬೇಕು.

ಕೇಂದ್ರ ಸರಕಾರ 2001ರಲ್ಲಿ ಮಹಾಬಳೇಶ್ವರ-ಪಂಚಗಣಿಯನ್ನು ಪರಿಸರ ಸೂಕ್ಷ್ಮ ವಲಯವೆಂದು ಸಾರಿತು. ಹತ್ತಿರದ ಕಾಸ್ ಪ್ರಸ್ಥಭೂಮಿ 2012ರಲ್ಲಿ ಪಶ್ಚಿಮ ಘಟ್ಟದ ಜೊತೆ ವಿಶ್ವ ಪರಂಪರೆಯ ಪಟ್ಟಿ ಸೇರಿತು. 2024ರಲ್ಲಿ ಇನ್ನೊಂದು ಕಾಗದ ಹೊರಬಂತು: ಸಾತಾರಾ, ಜಾವಳಿ, ಪಾಟಣ ತಾಲ್ಲೂಕುಗಳ 235 ಹಳ್ಳಿಗಳನ್ನು ಸೇರಿಸಿ 'ನವೀನ ಮಹಾಬಳೇಶ್ವರ' ಎಂಬ ಹೊಸ ಗಿರಿಧಾಮದ ಕರಡು ಯೋಜನೆ. ಹಳೆಯ ಊರಿನ ಮೇಲಿನ ಜನದಟ್ಟಣೆ ಕಡಿಮೆಯಾಗುತ್ತದೆ, ಆ ಹಳ್ಳಿಗಳ ಹುಡುಗರಿಗೆ ಕೆಲಸ ಸಿಗುತ್ತದೆ ಎಂಬುದು ಇದರ ಪರವಾದ ಮಾತು. ಅದನ್ನು ತಳ್ಳಿಹಾಕುವಂತಿಲ್ಲ. ಕೆಲಸ ಹುಡುಕಿಕೊಂಡು ಮುಂಬೈಗೆ ಹೋಗುವ ಹುಡುಗನಿಗೆ ಕಾಡು ಉಳಿಸು ಎಂದು ಹೇಳುವುದು ಪುಣೆಯ ಫ್ಲ್ಯಾಟಿನಲ್ಲಿ ಕೂತ ನನಗೆ ಸುಲಭ.

ಆದರೂ ಖಾತೆಯ ಇನ್ನೊಂದು ಬದಿ ಕೇಳಲೇಬೇಕು. ಈ ಕಣಿವೆಯವರು 1960ರ ದಶಕದಲ್ಲೇ ಕೊಯ್ನಾ ಅಣೆಕಟ್ಟೆಗೆ ನೆಲ ಕೊಟ್ಟವರು. ಕೃಷ್ಣೆಯ ಕೆಳಗಿನ ದಂಡೆಯಲ್ಲಿ ನಾವೂ ಕೊಟ್ಟವರೇ. ಆಲಮಟ್ಟಿಯ ಹಿನ್ನೀರಿಗೆ ಹಳೇ ಬಾಗಲಕೋಟೆಯ ಓಣಿಗಳು ಹೋದವು, ಬದಲಿಗೆ ನವನಗರ ಬಂತು. ಅಗಲ ರಸ್ತೆ, ಅಚ್ಚುಕಟ್ಟಾದ ಸೈಟು ಎಲ್ಲ ಇವೆ. ನಮ್ಮ ಹಿರಿಯರು ಮಾತ್ರ ಇವತ್ತಿಗೂ ಊರು ಎಂದರೆ ನೀರಿನ ಕಡೆಗೇ ಕೈ ತೋರಿಸುತ್ತಾರೆ. ನೆಲಕ್ಕೆ ನೆಲ ಕೊಟ್ಟರೆ ಲೆಕ್ಕ ಚುಕ್ತಾ ಆಗುವುದಿಲ್ಲವೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1829ರಲ್ಲಿ ಬೆಟ್ಟದ ಕುಣಬಿಯನ್ನಾಗಲಿ ಧಾವಡನನ್ನಾಗಲಿ ಕೇಳಿ ಸಹಿ ಹಾಕಿರಲಿಲ್ಲ. ಈ ಸಲವಾದರೂ 235 ಹಳ್ಳಿಗಳ ಗ್ರಾಮಸಭೆಯನ್ನು ಮೊದಲು ಕೇಳಲಿ. ನೀರಿನ ಲೆಕ್ಕವನ್ನು ಕೆಳಗಿನ ರಾಜ್ಯಗಳ ಜೊತೆ ಕೂತು ಮಾಡಲಿ.

ನೀವು ಮುಂದಿನ ಸಲ ಹೋದಾಗ ಒಂದು ಕೆಲಸ ಮಾಡಿ. ಮೊದಲ ದಿನ ಪಾಯಿಂಟುಗಳನ್ನು ಬಿಟ್ಟು ನೇರ ಕ್ಷೇತ್ರಕ್ಕೆ ಹೋಗಿ. ಪಂಚಗಂಗೆ ನೋಡಿ, ಅಲ್ಲಿಂದ ನಡೆಯುವಷ್ಟು ದೂರದಲ್ಲೇ ಇರುವ ಹಳೆಯ ಕೃಷ್ಣಾಬಾಯಿ ಗುಡಿಗೂ ಹೋಗಿ. ಪಾಚಿ ಹಿಡಿದ ಕಲ್ಲು, ಸಣ್ಣ ಗೋಮುಖ, ಎದುರಿಗೆ ಕಣಿವೆ, ಜನ ಕಡಿಮೆ. ಆಮೇಲೆ ಪೇಟೆ, ಕಡಲೆ, ಸ್ಟ್ರಾಬೆರಿ ಎಲ್ಲ ಇದ್ದೇ ಇದೆ. ನೆಂಟರು ವಿಜಾಪುರ, ಬಾಗಲಕೋಟೆ, ರಾಯಚೂರು ಕಡೆಯವರಾದರೆ ಆ ನೀರನ್ನು ತೋರಿಸಿ, ಇದೇ ನಿಮ್ಮೂರಿಗೆ ಬರುತ್ತದೆ ಎಂದು ಹೇಳಿ. ಖಾಲಿ ಪ್ಲಾಸ್ಟಿಕ್ ಬಾಟಲಿಯನ್ನು ಅಲ್ಲಿ ಬಿಟ್ಟು ಬರಬೇಡಿ ಎಂದು ಬೇರೆ ಹೇಳಬೇಕಾಗುವುದಿಲ್ಲ.