ಎಡಿನ್‌ಬರ್ಗಿನ ಎತ್ತರದ ಕಲ್ಲುಮನೆಗಳು

ಸ್ಕಾಟ್ಲೆಂಡಿನ ಎಡಿನ್‌ಬರ್ಗಿನ ಹಳೆಯ ಪೇಟೆ ಕೋಟೆಯಿಂದ ಹೋಲಿರೂಡ್ ಅರಮನೆಯ ಕಡೆಗೆ ಇಳಿಯುವ ಕಿರಿದಾದ ದಿಣ್ಣೆಯ ಮೇಲಿದೆ. ಹಿಂದೆ ಅದರ ಒಂದು ಬದಿಗೆ ಕೆರೆಯಿತ್ತು. ಇನ್ನೊಂದು ಬದಿಗೆ 1513ರ ಫ್ಲಾಡೆನ್ ಯುದ್ಧದ ಸೋಲಿನ ನಂತರ ಎಬ್ಬಿಸಿದ ಊರಗೋಡೆ. ಜನ ಹೆಚ್ಚಿದಂತೆ ಮನೆಗಳು ಮೇಲಕ್ಕೇ ಬೆಳೆದವು. ಹದಿನೇಳನೆಯ ಶತಮಾನಕ್ಕೆ ಬೀದಿಯ ಕಡೆ ಆರೇಳು ಅಂತಸ್ತು. ಇಳಿಜಾರಿಗೆ ಮುಖಮಾಡಿದ ಹಿಂಬದಿಯಲ್ಲಿ ಇನ್ನೂ ಹೆಚ್ಚು.

ಮೊದಮೊದಲು ಮುಂಭಾಗವೆಲ್ಲ ಮರದ ಮೊಗಸಾಲೆಗಳೇ. ಬೆಂಕಿಯ ಭಯ ಅವನ್ನು ಕ್ರಮೇಣ ಕಲ್ಲಿಗೆ ತಿರುಗಿಸಿತು. ಗೋಡೆಗೆ ಒರಟು ಮರಳುಗಲ್ಲು, ಮೂಲೆಗೂ ಕಿಟಕಿಗೂ ಕಡೆದ ಕಲ್ಲು, ಮಳೆ ತಡೆಯಲು ಮೇಲೆ ಸುಣ್ಣದ ಗಾರೆ. ಛಾವಣಿಯ ತುದಿಗೋಡೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವುದು ಇವುಗಳ ಗುರುತು.

ಹಳೆಯ ಪೇಟೆಯ ಲಾನ್‌ಮಾರ್ಕೆಟ್ ಬೀದಿಯ ಗ್ಲಾಡ್‌ಸ್ಟೋನ್ಸ್ ಲ್ಯಾಂಡ್ ಎಂಬ ಮನೆ ಇದಕ್ಕೆ ಒಳ್ಳೆಯ ಮಾದರಿ. ವರ್ತಕ ಥಾಮಸ್ ಗ್ಲೆಡ್‌ಸ್ಟೇನ್ಸ್ 1617ರಲ್ಲಿ ಇದನ್ನು ಕೊಂಡು ಬೀದಿಯ ಕಡೆಗೆ ಮುಂಚಾಚಿ ಕಟ್ಟಿಸಿದ. ಕೆಳಗೆ ಕಮಾನುಗಳ ಸಾಲು, ಅದರ ಹಿಂದೆ ಅಂಗಡಿ. ಮೇಲಿನ ಮಹಡಿಗೆ ಹೊರಗಿನಿಂದಲೇ ಕಲ್ಲಿನ ಮೆಟ್ಟಿಲು. ಒಂದು ಅಂತಸ್ತು ತನಗೆ ಇಟ್ಟುಕೊಂಡು ಉಳಿದವನ್ನು ಬಾಡಿಗೆಗೆ ಬಿಟ್ಟ. ಪಾದ್ರಿ, ವ್ಯಾಪಾರಿ ಎಲ್ಲರೂ ಒಂದೇ ಮೆಟ್ಟಿಲು ಹತ್ತುತ್ತಿದ್ದರು. ಒಳಗಿನ ಮರದ ಚಾವಣಿಯ ತೊಲೆ, ಹಲಗೆಗಳ ತುಂಬ ಹೂವು ಹಣ್ಣುಗಳ ಚಿತ್ರ. ಜೊತೆಗೆ 1620 ಎಂಬ ಇಸವಿ. ಬೀದಿಯಿಂದ ಒರಟಾಗಿ ಕಾಣುವ ಮನೆಯೊಳಗೆ ಇಂಥ ಬಣ್ಣವಿರಬಹುದೆಂದು ಯಾರೂ ಊಹಿಸರು. ಮುಂದಿನವರು ಅದನ್ನು ಗಾರೆಯ ಹಿಂದೆ ಮುಚ್ಚಿದರು. ಚಿತ್ರ ಉಳಿದದ್ದಕ್ಕೆ ಆ ಮುಚ್ಚಿಗೆಯೂ ಒಂದು ಕಾರಣ.

ಇಂಥ ಕಟ್ಟಡಗಳಲ್ಲಿ ನಡುವಿನ ಅಂತಸ್ತುಗಳು ಉಳ್ಳವರಿಗೆ, ನೆಲಮಟ್ಟ ಮತ್ತು ತೀರಾ ಮೇಲಿನವು ಬಡವರಿಗೆ. 1767ರಲ್ಲಿ ವಾಸ್ತುಶಿಲ್ಪಿ ಜೇಮ್ಸ್ ಕ್ರೇಗ್ ರೂಪಿಸಿದ ಹೊಸ ಪೇಟೆಯ ನಕ್ಷೆಗೆ ಒಪ್ಪಿಗೆ ಸಿಕ್ಕಿತು. ಮುಂದಿನ ದಶಕಗಳಲ್ಲಿ ಸಿರಿವಂತರು ಕ್ರೇಗ್‌ಲೀತ್ ಗಣಿಯ ನುಣುಪುಗಲ್ಲಿನ ಮನೆಗಳಿಗೆ ಹೊರಟುಹೋದರು. ಹಳೆಯ ಕೋಣೆಗಳು ತಡಿಕೆಗಳಿಂದ ತುಂಡುತುಂಡಾಗಿ, ಒಂದೊಂದರಲ್ಲಿ ಒಂದೊಂದು ಸಂಸಾರ ತುಂಬಿತು. ದುರಸ್ತಿ ಮಾತ್ರ ಯಾರ ಹೊಣೆಯೂ ಆಗಲಿಲ್ಲ. 1861ರ ನವೆಂಬರಿನ ಒಂದು ರಾತ್ರಿ ಹೈ ಸ್ಟ್ರೀಟಿನ ಹಳೆಯ ಕಟ್ಟಡವೊಂದು ಕುಸಿದು 35 ಜನ ಸತ್ತರು. ಮರುವರ್ಷ ನಗರ ಹೆನ್ರಿ ಲಿಟಲ್‌ಜಾನ್‌ನನ್ನು ಆರೋಗ್ಯಾಧಿಕಾರಿಯಾಗಿ ನೇಮಿಸಿತು. 1867ರ ಸುಧಾರಣಾ ಕಾಯ್ದೆಯಡಿ ಎಷ್ಟೋ ಮನೆಗಳು ನೆಲಸಮವಾದವು. ಕೊಳೆಗೇರಿಯ ಜೊತೆಗೆ ಒಳ್ಳೆಯ ಶಿಲ್ಪವೂ ಹೋಯಿತೆನ್ನಬೇಕು.

ಗ್ಲಾಡ್‌ಸ್ಟೋನ್ಸ್ ಲ್ಯಾಂಡಿಗೂ ಕೆಡವುವ ಸರದಿ ಬಂದಿತ್ತು. 1930ರ ದಶಕದಲ್ಲಿ ಸ್ಕಾಟ್ಲೆಂಡಿನ ನ್ಯಾಷನಲ್ ಟ್ರಸ್ಟ್ ಅದನ್ನು ಕೈಗೆತ್ತಿಕೊಂಡು ಉಳಿಸಿತು. 1995ರಲ್ಲಿ ಎಡಿನ್‌ಬರ್ಗಿನ ಹಳೆಯ, ಹೊಸ ಪೇಟೆಗಳೆರಡೂ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು.