ಪ್ರೋಟೀನ್ ಪುಡಿಯ ಆಯ್ಕೆ: ವಿಟಮಿನ್ 'ಎ' ಮಿತಿಯಲ್ಲಿರಲಿ

ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ಕುಸ್ತಿಯನ್ನು ಪ್ರೀತಿಸುವ ಜನರ ನಾಡು. ಕಬ್ಬಿನ ಗದ್ದೆಗಳ, ನೇಕಾರರ ಮಗ್ಗಗಳ ಈ ಸೀಮೆಯಲ್ಲಿ ಪೈಲ್ವಾನರು ಹಾಲು, ತುಪ್ಪ, ಬಾದಾಮಿ ತಿಂದು ಮೈ ಬೆಳೆಸುತ್ತ ಬಂದಿದ್ದಾರೆ. ಈಗ ಗರಡಿಯ ಜೊತೆಗೆ ಜಿಮ್ ಬಂದಿದೆ. ಹಾಲು-ತುಪ್ಪದ ಜೊತೆಗೆ ಪ್ರೋಟೀನ್ ಪುಡಿಯ ಡಬ್ಬಿಯೂ ಮನೆ ಸೇರಿದೆ. ನಮ್ಮ ಕರಾವಳಿಯಲ್ಲೂ ಇದೇ ಕಥೆ. ಜಿಮ್‌ಗೆ ಹೋಗುವ ಯುವಕರಷ್ಟೇ ಅಲ್ಲ, ಗರ್ಭಿಣಿಯರು, ವೃದ್ಧರು, ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವವರು ಕೂಡ ಈ ಪುಡಿಗಳನ್ನು ಸೇವಿಸುತ್ತಾರೆ. ಕೊಳ್ಳುವಾಗ ಎಲ್ಲರೂ ನೋಡುವುದು ಪ್ರೋಟೀನ್ ಎಷ್ಟಿದೆ, ಬೆಲೆ ಎಷ್ಟು ಎಂಬುದನ್ನು. ಅದರಲ್ಲಿ ವಿಟಮಿನ್ 'ಎ' ಎಷ್ಟಿದೆ ಎಂದು ನೋಡುವವರು ಕಡಿಮೆ. ಕೆಲವರಿಗಂತೂ ಇದು ನೋಡಲೇಬೇಕಾದ ಅಂಶ. ಈ ಬಗ್ಗೆ ತಿಳಿದಿರಬೇಕಾದ ವಿಷಯಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇವೆ.

ವಿಟಮಿನ್ 'ಎ' ಎರಡು ರೂಪದಲ್ಲಿದೆ

ಮೊದಲನೆಯದು ರೆಟಿನಾಲ್. ಇದು ಯಕೃತ್ತು, ಮೀನೆಣ್ಣೆ, ಹಾಲಿನ ಕೊಬ್ಬು, ತುಪ್ಪ ಮತ್ತು ಮೊಟ್ಟೆಯ ಹಳದಿಯಲ್ಲಿ ಸಿದ್ಧರೂಪದಲ್ಲಿಯೇ ಇರುತ್ತದೆ. ಎರಡನೆಯದು ಕ್ಯಾರೆಟ್, ನುಗ್ಗೆಸೊಪ್ಪು, ಪಪ್ಪಾಯಿ ಮುಂತಾದವುಗಳಲ್ಲಿರುವ ಬೀಟಾ ಕ್ಯಾರೋಟಿನ್. ಇದನ್ನು ದೇಹವು ತನಗೆ ಬೇಕಾದಷ್ಟು ಮಾತ್ರ ವಿಟಮಿನ್ 'ಎ' ಆಗಿ ಬದಲಿಸಿಕೊಳ್ಳುತ್ತದೆ. ಸೊಪ್ಪು-ತರಕಾರಿ ಹೆಚ್ಚು ತಿಂದರೆ ಚರ್ಮ ತುಸು ಹಳದಿಯಾಗಬಹುದೇ ಹೊರತು ವಿಷವಾಗುವುದಿಲ್ಲ. ಆದ್ದರಿಂದ ಎಚ್ಚರಿಕೆ ಬೇಕಾಗಿರುವುದು ರೆಟಿನಾಲ್ ಬಗ್ಗೆ.

'ಬಿ' ಮತ್ತು 'ಸಿ' ವಿಟಮಿನ್‌ಗಳು ಹೆಚ್ಚಾದರೆ ಬಹುಪಾಲು ಮೂತ್ರದಲ್ಲಿ ಹೊರಹೋಗುತ್ತವೆ. ರೆಟಿನಾಲ್ ಹಾಗಲ್ಲ. ಅದು ಕೊಬ್ಬಿನಲ್ಲಿ ಕರಗುವ ವಸ್ತುವಾದ್ದರಿಂದ ಯಕೃತ್ತಿನಲ್ಲಿ ಶೇಖರವಾಗುತ್ತಾ ಹೋಗುತ್ತದೆ. ತಲೆನೋವು, ವಾಕರಿಕೆ, ತುಟಿ ಒಡೆಯುವುದು, ಕೂದಲು ಉದುರುವುದು, ಮೂಳೆ ನೋವು ಇದರ ಲಕ್ಷಣಗಳು. ತಿಂಗಳುಗಟ್ಟಲೆ ಮುಂದುವರಿದರೆ ಯಕೃತ್ತಿಗೇ ಹಾನಿ.

ಎಷ್ಟು ಬೇಕು? ಎಷ್ಟು ಮೀರಬಾರದು?

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ನೀಡಿದ ಶಿಫಾರಸಿನಂತೆ ವಯಸ್ಕ ಪುರುಷನಿಗೆ ದಿನಕ್ಕೆ 1,000 ಮೈಕ್ರೋಗ್ರಾಂ, ಮಹಿಳೆಗೆ 840, ಗರ್ಭಿಣಿಗೆ 900 ಮೈಕ್ರೋಗ್ರಾಂ ವಿಟಮಿನ್ 'ಎ' ಸಾಕು. ವಯಸ್ಕರು ಪ್ರತಿದಿನವೂ ಸೇವಿಸಬಹುದಾದ ರೆಟಿನಾಲಿನ ಮೇಲ್ಮಿತಿ 3,000 ಮೈಕ್ರೋಗ್ರಾಂ. ಹಳೆಯ ಲೆಕ್ಕದಲ್ಲಿ ಇದು 10,000 ಐಯು; ಒಂದು ಐಯು ಎಂದರೆ 0.3 ಮೈಕ್ರೋಗ್ರಾಂ. ಒಂದರಿಂದ ಮೂರು ವರ್ಷದ ಮಕ್ಕಳಿಗೆ ಈ ಮಿತಿ ಕೇವಲ 600 ಮೈಕ್ರೋಗ್ರಾಂ. ಒಂದು ದಿನ ಮಿತಿ ದಾಟಿದರೆ ಗಾಬರಿಪಡಬೇಕಾಗಿಲ್ಲ. ದಿನವೂ ದಾಟುವುದು ಅಪಾಯಕಾರಿ.

ವಿಶೇಷ ಎಚ್ಚರಿಕೆ ಯಾರಿಗೆ?

1. ಗರ್ಭಿಣಿಯರು: ಅತಿಯಾದ ರೆಟಿನಾಲ್, ಅದರಲ್ಲೂ ಮೊದಲ ತಿಂಗಳುಗಳಲ್ಲಿ, ಶಿಶುವಿನಲ್ಲಿ ಹುಟ್ಟು ದೋಷಗಳನ್ನು ಉಂಟುಮಾಡಬಲ್ಲದು. ತಾಯಿಯಾಗಲು ಬಯಸುವವರೂ ಜಾಗ್ರತೆ ವಹಿಸಬೇಕು.

2. ಮೊಡವೆಗೆ ಐಸೋಟ್ರೆಟಿನಾಯಿನ್ ಅಥವಾ ಸೋರಿಯಾಸಿಸ್‌ಗೆ ಅಸಿಟ್ರೆಟಿನ್ ಮಾತ್ರೆ ಸೇವಿಸುವವರು: ಇವೆರಡೂ ವಿಟಮಿನ್ 'ಎ' ಕುಟುಂಬದ ಔಷಧಗಳು. ಇವುಗಳ ಜೊತೆಗೆ ವಿಟಮಿನ್ 'ಎ' ಸೇರಿಸಿದ ಪುಡಿ ಅಥವಾ ಗುಳಿಗೆ ತೆಗೆದುಕೊಂಡರೆ ಅಡ್ಡಪರಿಣಾಮಗಳು ಒಂದರ ಮೇಲೊಂದು ಸೇರುತ್ತವೆ. ಜಿಮ್‌ಗೆ ಹೋಗುವ ವಯಸ್ಸೂ ಮೊಡವೆಯ ವಯಸ್ಸೂ ಒಂದೇ ಆಗಿರುವುದರಿಂದ ಯುವಕರು ಇದನ್ನು ಮುಖ್ಯವಾಗಿ ಗಮನಿಸಬೇಕು. ಚರ್ಮದ ವೈದ್ಯರಿಗೆ ತಾವು ಸೇವಿಸುವ ಪುಡಿಯ ಹೆಸರನ್ನು ತಪ್ಪದೆ ತಿಳಿಸಬೇಕು.

3. ಮೂತ್ರಪಿಂಡದ ಕಾಯಿಲೆಯವರು: ಇವರ ರಕ್ತದಲ್ಲಿ ವಿಟಮಿನ್ 'ಎ' ತಾನಾಗಿಯೇ ಏರಿರುತ್ತದೆ. ಪ್ರೋಟೀನ್ ಎಷ್ಟು ಎಂಬುದೂ ಕಾಯಿಲೆಯ ಹಂತವನ್ನು ಅವಲಂಬಿಸಿದೆ: ಡಯಾಲಿಸಿಸ್‌ಗೆ ಮೊದಲು ಕಡಿಮೆ, ಡಯಾಲಿಸಿಸ್ ಆರಂಭವಾದ ಮೇಲೆ ಹೆಚ್ಚು. ವೈದ್ಯರನ್ನು ಕೇಳದೆ ಯಾವ ಪುಡಿಯೂ ಬೇಡ.

4. ಯಕೃತ್ತಿನ ಕಾಯಿಲೆ ಇರುವವರು ಮತ್ತು ಮದ್ಯಪಾನಿಗಳು: ಇವರಿಗೆ ಕಡಿಮೆ ಪ್ರಮಾಣವೂ ಹಾನಿಕರವಾಗಬಹುದು.

5. ಧೂಮಪಾನಿಗಳು: ಇವರ ವಿಷಯದಲ್ಲಿ ಬೀಟಾ ಕ್ಯಾರೋಟಿನ್ ಮಾತ್ರೆಯೂ ಸುರಕ್ಷಿತವಲ್ಲ. ಫಿನ್ಲೆಂಡಿನಲ್ಲಿ ನಡೆದು 1994ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದಿನಕ್ಕೆ 20 ಮಿಲಿಗ್ರಾಂ ಸೇವಿಸಿದ ಧೂಮಪಾನಿಗಳಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚಾಗಿತ್ತು. ತರಕಾರಿಯಿಂದ ಬರುವ ಕ್ಯಾರೋಟಿನ್‌ಗೆ ಈ ಮಾತು ಅನ್ವಯಿಸುವುದಿಲ್ಲ.

ಡಬ್ಬಿಯ ಹಿಂಬದಿ ಓದಿರಿ

ಪ್ರೋಟೀನಿಗೂ ವಿಟಮಿನ್ 'ಎ'ಗೂ ನೇರ ಸಂಬಂಧವಿಲ್ಲ. ಹಾಲೊಡೆದ ನೀರಿನಿಂದ ತಯಾರಾಗುವ ವೇ ಪ್ರೋಟೀನಿನಲ್ಲಿ ಕೊಬ್ಬನ್ನು ಬಹುಮಟ್ಟಿಗೆ ತೆಗೆದಿರುವುದರಿಂದ ರೆಟಿನಾಲ್ ಅತ್ಯಲ್ಪ. ಅದರಲ್ಲೂ ಐಸೋಲೇಟ್ ಎಂಬ ಬಗೆಯಲ್ಲಿ ಇನ್ನೂ ಕಡಿಮೆ. ಸೋಯಾ, ಬಟಾಣಿ, ಅಕ್ಕಿಯ ಪ್ರೋಟೀನ್ ಪುಡಿಗಳಲ್ಲಿ ರೆಟಿನಾಲ್ ಇರುವುದೇ ಇಲ್ಲ. ತಯಾರಕರು ಹೊರಗಿನಿಂದ ಸೇರಿಸುವ ವಿಟಮಿನ್ ಮಿಶ್ರಣದಿಂದಲೇ ಅದು ಡಬ್ಬಿಗೆ ಬರುತ್ತದೆ. ತೂಕ ಹೆಚ್ಚಿಸುವ ಗೇನರ್‌ಗಳು, ಊಟದ ಬದಲಿಗೆ ಕುಡಿಯುವ ಪುಡಿಗಳು, ಗರ್ಭಿಣಿಯರ ಮತ್ತು ಮಕ್ಕಳ ಪೌಷ್ಟಿಕ ಪಾನೀಯಗಳಲ್ಲಿ ಇಂಥ ಮಿಶ್ರಣ ಸಾಮಾನ್ಯ.

ಘಟಕಗಳ ಪಟ್ಟಿಯಲ್ಲಿ ರೆಟಿನೈಲ್ ಅಸಿಟೇಟ್, ರೆಟಿನೈಲ್ ಪಾಲ್ಮಿಟೇಟ್ ಅಥವಾ ವಿಟಮಿನ್ 'ಎ' ಅಸಿಟೇಟ್ ಎಂದಿದ್ದರೆ ಅದು ರೆಟಿನಾಲ್ ಎಂದೇ ತಿಳಿಯಬೇಕು. ಲೆಕ್ಕವನ್ನು 100 ಗ್ರಾಂಗೆ ಕೊಟ್ಟಿದ್ದಾರೋ ಒಂದು ಚಮಚೆಗೆ ಕೊಟ್ಟಿದ್ದಾರೋ ನೋಡಬೇಕು. 100 ಗ್ರಾಂಗೆ 600 ಮೈಕ್ರೋಗ್ರಾಂ ಎಂದಿದ್ದರೆ 30 ಗ್ರಾಂ ಅಳತೆಯ ಚಮಚೆಯಲ್ಲಿ ಸಿಗುವುದು 180. ಅದೇ ಗೇನರ್ ಆದರೆ ಒಂದು ಸಲಕ್ಕೆ 100 ಗ್ರಾಂ ಕಲಸಿ ಕುಡಿಯುವವರಿದ್ದಾರೆ. ಆಗ ಪೂರ್ತಿ 600 ಹೊಟ್ಟೆ ಸೇರುತ್ತದೆ. ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ಪರವಾನಗಿ ಸಂಖ್ಯೆ ಇಲ್ಲದ ಡಬ್ಬಿಯನ್ನು ಕೊಳ್ಳಲೇಬಾರದು.

ಒಟ್ಟು ಲೆಕ್ಕ ಹೀಗೆ

ಒಬ್ಬ ಪೈಲ್ವಾನನ ದಿನದ ಆಹಾರವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಎರಡು ಲೀಟರ್ ಹಾಲಿನಿಂದ ಸುಮಾರು 900 ಮೈಕ್ರೋಗ್ರಾಂ, 50 ಗ್ರಾಂ ತುಪ್ಪದಿಂದ 350, ನಾಲ್ಕು ಮೊಟ್ಟೆಗಳಿಂದ 300, '+ಎಫ್' ಗುರುತಿನ ಪುಷ್ಟೀಕರಿಸಿದ ಅಡುಗೆ ಎಣ್ಣೆ 25 ಗ್ರಾಂನಿಂದ 200. ಒಟ್ಟು 1,750. ಇದು ಮಿತಿಯೊಳಗೇ ಇದೆ. ಮೇಲೆ ಹೇಳಿದ ಗೇನರ್ ದಿನಕ್ಕೆ ಎರಡು ಸಲ ಕುಡಿದರೆ 1,200 ಸೇರಿ 2,950 ಆಗುತ್ತದೆ. ಇದರೊಂದಿಗೆ 5,000 ಐಯು ಇರುವ ವಿಟಮಿನ್ ಗುಳಿಗೆ ನುಂಗಿದರೆ ಇನ್ನೂ 1,500 ಸೇರಿ ಮೊತ್ತ 4,450ಕ್ಕೆ ಏರುತ್ತದೆ. ಇವುಗಳಲ್ಲಿ ಯಾವ ಒಂದೂ ತಾನಾಗಿ ಮಿತಿ ಮೀರಿಲ್ಲ. ಎಲ್ಲವೂ ಕೂಡಿದಾಗ ಮೀರಿತು. ಕುರಿ-ಮೇಕೆಯ ಯಕೃತ್ತಾದರೋ 100 ಗ್ರಾಂ ತಿಂದರೆ ಅದೊಂದೇ ಆ ದಿನದ ಮಿತಿಯನ್ನು ದಾಟಿಸುತ್ತದೆ. ನಮ್ಮ ಕರಾವಳಿಯ ಮನೆಗಳಲ್ಲಿ ಮೀನೆಣ್ಣೆ ಕುಡಿಯುವವರು ಅದನ್ನೂ ಲೆಕ್ಕಕ್ಕೆ ಸೇರಿಸಬೇಕು.

ಡಬ್ಬಿ ಬೇಕೇ ಬೇಕೇ?

ಆರೋಗ್ಯವಂತ ವಯಸ್ಕರಿಗೆ ದೇಹದ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಸಾಕು. 65 ಕಿಲೋ ತೂಕದವರಿಗೆ ಇದು 54 ಗ್ರಾಂ. ಕಸರತ್ತು ಮಾಡುವವರಿಗೆ ಇದಕ್ಕಿಂತ ಹೆಚ್ಚು ಬೇಕು. ಬಾಗಲಕೋಟೆ ಸೀಮೆಯ ಅಡುಗೆಮನೆಯಲ್ಲಿ ಇದಕ್ಕೆ ಉತ್ತರವಿದೆ. ಅವರು ಪುಟಾಣಿ ಎನ್ನುವುದು ನಮ್ಮ ಹುರಿಗಡಲೆ, ಶೇಂಗಾ ಎನ್ನುವುದು ನಮ್ಮ ನೆಲಗಡಲೆ. 100 ಗ್ರಾಂ ಪುಟಾಣಿಯಲ್ಲಿ ಸುಮಾರು 22 ಗ್ರಾಂ, ಶೇಂಗಾದಲ್ಲಿ 24, ಹೆಸರುಕಾಳಿನಲ್ಲಿ 23, ಜೋಳದಲ್ಲಿ 10 ಗ್ರಾಂ ಪ್ರೋಟೀನ್ ಇದೆ. ಜೋಳದ ರೊಟ್ಟಿಯಲ್ಲಿ ಕೊರತೆಯಿರುವ ಲೈಸಿನ್ ಎಂಬ ಅಮೈನೋ ಆಮ್ಲವನ್ನು ಹೆಸರುಕಾಳಿನ ಪಲ್ಯ, ಕಡಲೆಹಿಟ್ಟಿನ ಝುಣಕ ತುಂಬಿಕೊಡುತ್ತವೆ. ಇವುಗಳಲ್ಲಿ ರೆಟಿನಾಲ್ ಇಲ್ಲ. ಮೊಟ್ಟೆಯ ಬಿಳಿಭಾಗದಲ್ಲೂ ಇಲ್ಲ. ಒಂದು ವ್ಯತ್ಯಾಸ ಮಾತ್ರ ನೆನಪಿರಲಿ: 30 ಗ್ರಾಂ ವೇ ಪುಡಿಯಲ್ಲಿ ಸಿಗುವ ಪ್ರೋಟೀನಿಗೆ ಸುಮಾರು 100 ಗ್ರಾಂ ಪುಟಾಣಿ ಬೇಕಾಗುತ್ತದೆ, ಅದರ ಜೊತೆ ಪಿಷ್ಟವೂ ಬರುತ್ತದೆ. ಸಕ್ಕರೆ ಕಾಯಿಲೆಯವರು ಇದನ್ನು ಗಮನಿಸಬೇಕು.

ಮಕ್ಕಳ ಹನಿಯನ್ನು ನಿಲ್ಲಿಸಬೇಡಿ

ಇದನ್ನೆಲ್ಲ ಓದಿ ವಿಟಮಿನ್ 'ಎ' ಎಂದರೇ ಹೆದರುವಂತಾಗಬಾರದು. 2016-18ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯಂತೆ ದೇಶದ ಒಂದರಿಂದ ನಾಲ್ಕು ವರ್ಷದ ಮಕ್ಕಳಲ್ಲಿ ಶೇ. 18ರಷ್ಟು ಮಂದಿಗೆ ಇದರ ಕೊರತೆಯಿತ್ತು. ಕೊರತೆಯಿಂದ ಇರುಳುಗಣ್ಣು ಬರುತ್ತದೆ, ಸೋಂಕು ಸುಲಭವಾಗಿ ತಗಲುತ್ತದೆ. ಒಂಬತ್ತು ತಿಂಗಳಿನಿಂದ ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ ಆರೋಗ್ಯ ಕಾರ್ಯಕರ್ತೆಯರು ಹಾಕುವ ಹನಿಯನ್ನು ಮಕ್ಕಳಿಗೆ ಹಾಕಿಸಲೇಬೇಕು. ಆ ಪ್ರಮಾಣವನ್ನು ಅಂತರ ನೋಡಿಯೇ ನಿಗದಿಪಡಿಸಲಾಗಿದೆ.

ನೆನಪಿಡಬೇಕಾದ ಅಂಶಗಳು

- ವಿಟಮಿನ್ ಮಿಶ್ರಣವಿಲ್ಲದ ಸಾದಾ ಪ್ರೋಟೀನ್ ಪುಡಿಯನ್ನೇ ಆರಿಸಿರಿ.
- ವಿಟಮಿನ್ ಸೇರಿಸಿದ ಪುಡಿ, ವಿಟಮಿನ್ ಗುಳಿಗೆ, ಮೀನೆಣ್ಣೆ ಇವುಗಳನ್ನು ಒಟ್ಟಿಗೆ ಸೇವಿಸದಿರಿ.
- ದೊಡ್ಡವರ ಪುಡಿಯನ್ನು ಮಕ್ಕಳಿಗೆ ಕೊಡದಿರಿ.
- ಗರ್ಭಿಣಿಯರು, ಮೂತ್ರಪಿಂಡ ಅಥವಾ ಯಕೃತ್ತಿನ ಕಾಯಿಲೆಯವರು, ಮೊಡವೆ ಮಾತ್ರೆ ಸೇವಿಸುವವರು ಡಬ್ಬಿಯನ್ನೇ ವೈದ್ಯರ ಬಳಿ ಕೊಂಡೊಯ್ದು ತೋರಿಸಿರಿ.