ಸೈನೋವಿಯಾ
ಕೀಲುಗಳ ಒಳಗಿದ್ದು ಸವೆತವನ್ನು ತಡೆಯುವ, ಮೊಟ್ಟೆಯ ಬಿಳಿಭಾಗದಂತೆ ಲೋಳೆಯಾದ ದ್ರವಕ್ಕೆ 'ಸೈನೋವಿಯಾ' ಎಂಬ ಹೆಸರನ್ನು 16ನೆಯ ಶತಮಾನದ ಸ್ವಿಸ್ ವೈದ್ಯ ಪ್ಯಾರಾಸೆಲ್ಸಸ್ ಬಳಕೆಗೆ ತಂದನು. ಗ್ರೀಕಿನಲ್ಲಿ 'ಕೂಡಿ' ಎಂಬರ್ಥದ 'ಸಿನ್' ಮತ್ತು ಲ್ಯಾಟಿನ್ನಿನಲ್ಲಿ ಮೊಟ್ಟೆ ಎಂಬರ್ಥದ 'ಓವಮ್' ಸೇರಿ ಈ ಪದವಾಯಿತೆಂಬ ವಿವರಣೆ ಪ್ರಚಲಿತವಾಗಿದ್ದರೂ ಅದು ಊಹೆಯೇ ಹೊರತು ಸಿದ್ಧಪಟ್ಟ ಸಂಗತಿಯಲ್ಲ. ಈ ದ್ರವವನ್ನು ಒಸರಿಸುವ ಒಳಪೊರೆಯಲ್ಲಿ ಅಪರೂಪಕ್ಕೆ ಬೆಳೆಯುವ, ಕ್ಯಾನ್ಸರ್ ಅಲ್ಲದಿದ್ದರೂ ಕೀಲನ್ನೇ ಕೆಡಿಸಬಲ್ಲ ಗಡ್ಡೆಗೆ 1941ರಲ್ಲಿ ರೋಗವಿಜ್ಞಾನಿ ಜಾಫೆ ಮತ್ತು ಸಂಗಡಿಗರು ಉರಿಯೂತವನ್ನು ಸೂಚಿಸುವ 'ಸೈನೋವೈಟಿಸ್' ಎಂದು ಮುಗಿಯುವ ಹೆಸರಿಟ್ಟರು. ಆ ಹೆಸರು ದಾರಿ ತಪ್ಪಿಸುವಂಥದು, ಏಕೆಂದರೆ ಕೆಲವೇ ಗಡ್ಡೆಕೋಶಗಳು ಸಿಎಸ್ಎಫ್-1 ಎಂಬ ಪ್ರೋಟೀನನ್ನು ಅತಿಯಾಗಿ ಸ್ರವಿಸಿ ಇತರ ಕೋಶಗಳ ಹಿಂಡನ್ನು ಸೆಳೆದುಕೊಳ್ಳುವುದರಿಂದ ಗಡ್ಡೆ ಹಿಗ್ಗುತ್ತದೆಯೇ ಹೊರತು ಉರಿಯೂತದಿಂದಲ್ಲ. ಇಂದು ಅದನ್ನು 'ಟೆನೋಸೈನೋವಿಯಲ್ ಜೈಂಟ್ ಸೆಲ್ ಟ್ಯೂಮರ್' ಎನ್ನುತ್ತಾರೆ. ಆ ಪ್ರೋಟೀನಿನ ಗ್ರಾಹಕವನ್ನು ತಡೆಯುವ ಪೆಕ್ಸಿಡಾರ್ಟಿನಿಬ್ ಮದ್ದನ್ನು ಔಷಧಾಂಶವಿಲ್ಲದ ಹುಸಿಗುಳಿಗೆಯೊಡನೆ ಹೋಲಿಸಿ 120 ರೋಗಿಗಳಲ್ಲಿ ಪರೀಕ್ಷಿಸಿದಾಗ, ಮದ್ದು ಪಡೆದವರಲ್ಲಿ ಶೇ. 39ರಷ್ಟು ಮಂದಿಯ ಗಡ್ಡೆ ಗಮನಾರ್ಹವಾಗಿ ಕುಗ್ಗಿತು. ಹುಸಿಗುಳಿಗೆ ಪಡೆದವರಲ್ಲಿ ಯಾರಿಗೂ ಆ ಮಟ್ಟದ ಇಳಿತ ಕಾಣಲಿಲ್ಲ. 2019ರಲ್ಲಿ ಅಮೆರಿಕ ಈ ಮದ್ದಿಗೆ ಅನುಮತಿ ನೀಡಿತು. ಯಕೃತ್ತಿಗೆ ಒದಗಬಹುದಾದ ಹಾನಿಯನ್ನು ಗಣಿಸಿ ಯುರೋಪಿನ ಔಷಧ ಸಂಸ್ಥೆ 2020ರಲ್ಲಿ ಅದನ್ನು ಒಪ್ಪಲಿಲ್ಲ.